ಹೆಂಡತಿ ಮಕ್ಕಳ ಹೆಸರಲ್ಲಿ ದ್ರಾಕ್ಷಿ

ಹಣ್ಣಿನ ಗಾಡಿಯವರ ಕೈಲಿ ನಮ್ಮ ಲ್ಯಾಬಿನ ಸಾಹೇಬರಷ್ಟು ಬೈಸಿಕೊಂಡ ಮನುಷ್ಯನನ್ನು ನಾನಂತೂ ಕಂಡಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹೊರಗೆ ಸಾಲಾಗಿ ನಿಂತ ಗಾಡಿಗಳ ಮುಂದೆ ನಿಂತು ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಳ್ಳುವರು. ಅದೇನು, ಎಲ್ಲರೂ ಮಾಡುವುದೇ. ಆದರೆ ಇವರು ಬೀಜವನ್ನು ಅಂಗೈಗೆ ಉಗುಳಿಕೊಂಡು, ಕನ್ನಡಕ ಹಣೆಗೇರಿಸಿ, ಬಿಸಿಲಿಗೆ ಹಿಡಿದು ನೋಡುವರು. ಆಮೇಲೆ ಅದೇ ಬೀಜವನ್ನು ಮತ್ತೆ ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿಯುವರು. "ಇನ್ನಾ ಹಸಿ ಐತ್ರಿ" ಅಂತ ಮುಂದಿನ ಗಾಡಿಗೆ ನಡೆಯುವರು.

"ಏನ್ ಸಾರ್, ದ್ರಾಕ್ಷಿ ತಿಂತೀರೋ, ಬೀಜದ ವ್ಯಾಪಾರ ಮಾಡ್ತೀರೋ? ಬೋಣಿಗಿ ಟೈಮ್‌ನಾಗ ತಲಿ ತಿನಬ್ಯಾಡ್ರಿ, ಜಲ್ದಿ ಹೇಳ್ರಿ" ಅಂತ ಒಬ್ಬ. "ಬಿಡಪ್ಪ, ಆ ಸಾಹೇಬ್ರು ಹೋದ ವರ್ಷಾನೂ ಹಿಂಗ ಮಾಡಿದ್ರು" ಅಂತ ಇನ್ನೊಬ್ಬ. ಪಕ್ಕದಲ್ಲಿ ಚೀಲ ಹಿಡಿದು ನಿಂತ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಅವರಿಗೆ ಮಾತ್ರ ಏನೂ ಇಲ್ಲ. ನಾಚಿಕೆ ಅನ್ನುವುದು ಅವರ ಪಾಲಿನದೂ ನನಗೇ ಬಂದಿತ್ತು.

ಸಂಡೂರಿನ ಒಂದು ಗಣಿಯ ಲ್ಯಾಬಿನಲ್ಲಿ ಅವರು ಕೆಮಿಸ್ಟು. ಅದಿರಿನ ಪುಡಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಅವರ ಕೆಲಸ. ಅವರು ಹೇಳಿದ್ದನ್ನು ಟೈಪು ಮಾಡಿ ಕಳಿಸುವುದು ನನ್ನದು. ಹದಿನೇಳು ವರ್ಷ ಒಂದೇ ಕೋಣೆಯಲ್ಲಿ ಕೂತೆವು. ನಮ್ಮೂರಿನ ಕೆಂಪು ಧೂಳಿನಲ್ಲಿ ಬಿಳಿ ಅಂಗಿ ಹಾಕುವ ಹುಚ್ಚು ಯಾರಿಗಾದರೂ ಇದ್ದರೆ ಅದು ಅವರಿಗೆ. ದಿನಾ ಬೆಳಿಗ್ಗೆ ಬಿಳಿಯಾಗಿ ಬಂದು ಸಂಜೆ ಕೆಂಪಾಗಿ ಮನೆಗೆ ಹೋಗುವರು.

ಮಾತೆಲ್ಲ ಲ್ಯಾಬಿನದೇ. ಕ್ಯಾಂಟೀನಿನ ಸಾರು ಹೇಗಿದೆ ಎಂದರೆ, "ಸ್ಯಾಂಪಲ್ ಸಾಲಂಗಿಲ್ಲ, ಇನ್ನೊಂದ್ ಸೌಟು ಹಾಕ್ರಿ." ಹೊಸ ಮ್ಯಾನೇಜರು ಹೇಗೆ ಎಂದರೆ, "ರಿಪೋರ್ಟ್ ಬರ್ಲಿ, ನೋಡೋಣು." ಒಮ್ಮೆ ಯಾರೋ ಹೊಸಬ, ಮದುವೆ ಯಾಕೆ ಆಗಲಿಲ್ಲ ಸಾರ್ ಎಂದು ಮುಖಕ್ಕೆ ಮುಖ ಕೊಟ್ಟೇ ಕೇಳಿಬಿಟ್ಟ. ಪಿಪೆಟ್ಟಿನಿಂದ ಕಣ್ಣು ತೆಗೆಯದೆ, "ಸ್ಯಾಂಪಲ್ ರಿಜೆಕ್ಟ್ ಆತಪ್ಪ" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆಗ ನನಗೂ ನಲವತ್ತು ದಾಟಿತ್ತು, ನನ್ನ ಮದುವೆಯ ಮಾತನ್ನು ಕಂಪ್ಲಿಯಲ್ಲಿ ಅಣ್ಣಂದಿರು ಬಿಟ್ಟು ಬಹಳ ದಿನ ಆಗಿತ್ತು. ಅವರ ಕಥೆ ನನಗೆ ಪೂರಾ ಗೊತ್ತಿಲ್ಲ. ಊರು ಬುಕ್ಕಸಾಗರ, ಭತ್ತದ ಗದ್ದೆಯ ಮನೆತನ. ತಾಯಿ ಹದಿನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು, ನೋಡಿಕೊಂಡವರು ಇವರು. ತಾಯಿ ಹೋದಾಗ ಮದುವೆಯ ವಯಸ್ಸೂ ಹೋಗಿತ್ತು. ಇಷ್ಟನ್ನೂ ಅವರು ಹೇಳಿದ್ದಲ್ಲ, ಅಲ್ಲಿ ಇಲ್ಲಿ ಬಿದ್ದ ಮಾತನ್ನು ನಾನೇ ಕೂಡಿಸಿಕೊಂಡದ್ದು.

ಇಂಥ ಮನುಷ್ಯ, ಹಣೆಗೆ ವಿಭೂತಿ ಇಡದೆ ಮನೆ ಬಿಡದವರು, ಮನೆಯಲ್ಲಿ ವೈನು ಮಾಡುತ್ತಿದ್ದರು ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ. ಗೋವಾದ ಕಡೆಯ ಒಬ್ಬ ಹಳೇ ಮ್ಯಾನೇಜರು ರಿಟೈರಾಗಿ ಹೋಗುವಾಗ ಇವರಿಗೆ ಎರಡು ಪಿಂಗಾಣಿ ಜಾಡಿ, ಒಂದು ಉದ್ದನೆ ಕಟ್ಟಿಗೆ ಸೌಟು, ಮಾಡುವ ಕ್ರಮ ಬರೆದ ಒಂದು ಚೀಟಿ ಕೊಟ್ಟು ಹೋಗಿದ್ದರಂತೆ. ಕೆಮಿಸ್ಟಿನ ಕೈಗೆ ಚೀಟಿ ಸಿಕ್ಕರೆ ಸುಮ್ಮನೆ ಬಿಡುತ್ತಾನೆಯೇ? ಕುಡಿಯುವ ಆಸೆ ಅಲ್ಲವೇ ಅಲ್ಲ. ಭಾನುವಾರ ಮಧ್ಯಾಹ್ನ ಒಂದು ಸಣ್ಣ ಲೋಟ, ಅದೂ ಔಷಧಿ ಕುಡಿಯುವವರ ಮುಖ ಮಾಡಿಕೊಂಡು. ಉಳಿದದ್ದೆಲ್ಲ ಬಾಟಲಿಯಲ್ಲಿ, ವರ್ಷ ಬರೆದ ಚೀಟಿ ಅಂಟಿಸಿಕೊಂಡು ಮಂಚದ ಕೆಳಗೆ. ಕೊಡುವುದಾದರೂ ಯಾರಿಗೆ? ನೆರೆಯವರು ಮುಟ್ಟುವವರಲ್ಲ, ಲ್ಯಾಬಿನ ಹುಡುಗರಿಗೆ ಕ್ವಾರ್ಟರ್ ಬೇಕು, ದ್ರಾಕ್ಷಿಯ ರಸ ಬೇಡ.

ಮೊದಲ ವರ್ಷ ಕೆಡಿಸಿದವಳು ನಾನು. ಗಾಡಿಯ ಹಣ್ಣು ತಂದು, ಹೇಗೆ ತೊಳೆಯಲಿ ಎಂದು ಕೇಳಿದರು. ನಮ್ಮ ಮನೆಯ ಪದ್ಧತಿ ನನಗೆ ಗೊತ್ತು: ದ್ರಾಕ್ಷಿ ಎಂದರೆ ಬರೀ ಔಷಧಿ ಹೊಡೆದದ್ದು, ಉಪ್ಪು ಅರಿಶಿನ ಹಾಕಿದ ನೀರಿನಲ್ಲಿ ಒಂದು ತಾಸು ನೆನೆಹಾಕಿ, ಮೂರು ಸಲ ತಿಕ್ಕಿ ತೊಳೆಯಬೇಕು. ನಾನೇ ಸೆರಗು ಸಿಕ್ಕಿಸಿ ನಿಂತು, ಒಂದೊಂದು ಕಾಳನ್ನೂ ಮಿಂಚುವ ಹಾಗೆ ತಿಕ್ಕಿಕೊಟ್ಟೆ. ಜಾಡಿ ನಾಲ್ಕು ದಿನ ಮೂಕನ ಹಾಗೆ ಕೂತಿತು. ಐದನೆಯ ದಿನ ಮೇಲೆ ಹಸಿರು ಬೂಷ್ಟು. ಅವರು ಚೀಟಿಯನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಲ್ಯಾಬಿಗೆ ಬಂದು, ನನ್ನ ಟೇಬಲ್ಲಿನ ಮುಂದೆ ನಿಂತು, "ಮೇಡಂ, ನೀವು ಹಣ್ಣಿನ ವಿಭೂತಿ ಅಳಿಸಿಬಿಟ್ರಿ" ಅಂದರು.

ವಿಭೂತಿ ಎಂದರೆ, ಗಿಡದ ಮೇಲಿನ ಕರಿ ದ್ರಾಕ್ಷಿಯ ಮೈಮೇಲೆ ಬೂದಿ ಬಡಿದ ಹಾಗೆ ಒಂದು ಬಿಳಿ ಪುಡಿ ಇರುತ್ತದಲ್ಲ, ಅದು. ನಾವೆಲ್ಲ ಔಷಧಿ ಎಂದುಕೊಂಡು ತೊಳೆಯುವುದು ಅದನ್ನೇ. ರಸ ಹುಳಿಯುವುದು ಅದರಿಂದಲೇ ಅಂತೆ. ಗಾಡಿಯ ಹಣ್ಣಿನಲ್ಲಿ ಅದು ಉಳಿದಿರುವುದೇ ಅಷ್ಟಿಷ್ಟು. ಹತ್ತು ಕೈ ಮುಟ್ಟಿರುತ್ತವೆ, ನೀರು ಚಿಮುಕಿಸಿರುತ್ತಾರೆ, ದೂರ ಹೋಗಲಿ ಎಂದು ಹಸಿ ಇರುವಾಗಲೇ ಕಿತ್ತಿರುತ್ತಾರೆ. ಅವರಿಗೆ ಬೇಕಾದದ್ದು ಬೆಳಿಗ್ಗೆ ಕಿತ್ತು ಸಂಜೆಗೆ ಜಾಡಿಗೆ ಬೀಳುವ ಹಣ್ಣು. ಬೀಜ ಕಂದಾಗಿರಬೇಕು, ಕಡಿದರೆ ಹುರಿದ ಶೇಂಗಾದ ಹಾಗೆ ಮುರಿಯಬೇಕು, ತೊಟ್ಟು ಒಣಗಿ ಕಟ್ಟಿಗೆ ಬಣ್ಣಕ್ಕೆ ಬಂದಿರಬೇಕು. ಅಂಥದ್ದು ಹೊಸಪೇಟೆ ಮಾರ್ಕೆಟ್ಟಿನಲ್ಲಿ ಎಲ್ಲಿಂದ ಬರಬೇಕು? ಮರುವರ್ಷ ರಜಾ ದಿನಗಳಲ್ಲೆಲ್ಲ ಹಳೇ ಮೊಪೆಡ್ಡು ಹತ್ತಿ ತೋಟ ಹುಡುಕುತ್ತ ಸುತ್ತಿದರು. ಕಂಪ್ಲಿ ಕಡೆ ಬರೀ ಭತ್ತ, ಬಾಳೆ, ಕಬ್ಬು. ಹೊಲದವರು ಇವರನ್ನು ದಲ್ಲಾಳಿ ಎಂದು ತಿಳಿದು ಚಹಾ ಕೊಡುವರು, ಅಲ್ಲ ಎಂದು ಗೊತ್ತಾದ ಮೇಲೆ ದಾರಿ ತೋರಿಸುವರು. ಕೊನೆಗೆ ಚೋರನೂರಿನ ಆ ಕಡೆ, ಸಜ್ಜೆ ಶೇಂಗಾ ಬೆಳೆಯುವ ಬೆದ್ದಲ ನೆಲದ ನಡುವೆ, ಬೋರು ಹಾಕಿಸಿ ಎರಡು ಎಕರೆ ಬೀಜದ ಕರಿ ದ್ರಾಕ್ಷಿ ಬೆಳೆದ ಒಬ್ಬ ಗೌಡರು ಸಿಕ್ಕರು.

ಸೋಮವಾರ ಲ್ಯಾಬಿಗೆ ಬಂದವರ ಮುಖ ನೋಡಬೇಕಿತ್ತು. "ಮೇಡಂ, ಮಸ್ತ್ ಹಣ್ಣು! ಮುಟ್ಟಿದ್ರ ಬೆರಳಿನ ಗುರ್ತು ಬೀಳ್ತೈತಿ!"

"ಮತ್ತ ಯಾಕ್ರಿ ಮುಖ ಹಂಗ?" ಎಂದು ಕೇಳಿದೆ.

"ಒಂದ್ ತಪ್ಪಾಗೇತಿ."

ಆಗಿದ್ದು ಇಷ್ಟು. ಗೌಡರು ಕೊರಳಲ್ಲಿ ಲಿಂಗ ಕಟ್ಟಿದವರು, ಬೀಡಿ ಸಹ ಸೇದದವರು. ಇಪ್ಪತ್ತೈದು ಕಿಲೋ ಬೇಕು ಎಂದಾಗ, ಒಬ್ಬ ಮನುಷ್ಯನಿಗೆ ಇಷ್ಟು ಹಣ್ಣು ಯಾಕೆ ಎಂದು ಕೇಳಿದ್ದಾರೆ. "ಹೋದ ವರ್ಷ ಯಾರೋ ಹೆಂಡ ಮಾಡಾಕ ಅಂತ ಬಂದಿದ್ರು, ಹೊಲ ಬಿಟ್ಟು ಓಡಿಸೀನಿ" ಅಂತಲೂ ಹೇಳಿದ್ದಾರೆ. ಇವರ ಬಾಯಿಂದ ಬಂದುಬಿಟ್ಟಿತು: "ಮನ್ಯಾಗ ಹೆಂಡ್ತಿ ಮಕ್ಳಿಗೆ ದ್ರಾಕ್ಷಿ ಅಂದ್ರ ಪ್ರಾಣ ರೀ."

ಒಂದು ಸಲ ಹೇಳಿದ ಸುಳ್ಳು ಅಲ್ಲಿಗೇ ನಿಲ್ಲುತ್ತದೆಯೇ? ಗೌಡತಿ ಮನೆಯೊಳಗಿಂದ ಬಂದು, ಮಕ್ಕಳೆಷ್ಟು ಎಂದಿದ್ದಾರೆ. ಎರಡು. ದೊಡ್ಡಾಕಿ ನಾಲ್ಕನೇತ್ತ, ಸಣ್ಣವ ಎರಡನೇತ್ತ. ಉಣ್ಣದೆ ಹೋಗಬಾರದೆಂದು ಕೂರಿಸಿ ರೊಟ್ಟಿ ಬಡಿದು ಹಾಕಿದ್ದಾರೆ. ಹೊರಡುವಾಗ, ಮನೆಯ ಹೆಣ್ಣುಮಗಳು ಬಂದಿಲ್ಲ, ಅವಳ ಪಾಲಿನದು ಅವಳಿಗೆ ಮುಟ್ಟಲಿ ಎಂದು, ಒಂದು ಕುಪ್ಪಸದ ಖಣ, ಅರಿಶಿನ ಕುಂಕುಮ, ಕೊಬ್ಬರಿ ಬಟ್ಟಲು ಕಟ್ಟಿಕೊಟ್ಟಿದ್ದಾರೆ. ಆ ಖಣವನ್ನು ಇವರು ಪೇಪರಿನಲ್ಲಿ ಸುತ್ತಿ ನನ್ನ ಟೇಬಲ್ಲಿನ ಮೇಲೆ ಇಟ್ಟರು. "ಯಾರಿಗಾರ ಕೊಡ್ರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇನ್ನೊಬ್ಬರ ಹೆಂಡ್ತಿಗೆ ಕೊಟ್ಟಿದ್ದನ್ನ ನಾನ್ಯಾಕ ಹಂಚ್ಲಿ? ಮುಂದಿನ ವರ್ಷ ಹೋಗಿ, ಸುಳ್ಳು ಹೇಳೀನಿ ಅಂತ ಹೇಳ್ರಿ."

"ಹೇಳ್ತೀನ್ರಿ" ಅಂದರು. ಹೇಳಲಿಲ್ಲ. ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ಹೋಗುವರು, ಪ್ರತಿವರ್ಷ ಒಂದು ಖಣ ಬರುವುದು, ಪ್ರತಿವರ್ಷ ಅವರ ಟ್ರಂಕು ಸೇರುವುದು. ಹೋಗುವ ಹಿಂದಿನ ವಾರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುವರು: "ಮೇಡಂ, ಎಂಟನೇತ್ತಕ್ಕ ಸೈನ್ಸ್‌ನಾಗ ಏನೇನ್ ಇರ್ತೈತಿ?" ಮಗಳು ಬೆಳೆಯುತ್ತಿದ್ದಳಲ್ಲ, ಗೌಡತಿ ಕೇಳುತ್ತಿದ್ದರಲ್ಲ. ಒಂದು ವರ್ಷ ಮಗನಿಗೆ ಟೈಫಾಯಿಡ್ ಬಂದಿತ್ತಂತೆ! ಯಾಕೆ ಬರಿಸಿದಿರಿ ಎಂದರೆ, "ಎಲ್ಲಾರ ಮಕ್ಳಿಗೂ ಬರ್ತೈತಲ್ರಿ, ನಮ್ಮವ್ರಿಗೇ ಏನೂ ಬರ್ಲಿಲ್ಲ ಅಂದ್ರ ಅನುಮಾನ" ಅಂದರು. ಗೌಡತಿ ಆ ಹುಡುಗನ ಹೆಸರಿನಲ್ಲಿ ಊರ ಬಸವಣ್ಣನಿಗೆ ಕಾಯಿ ಒಡೆಸಿದರಂತೆ. ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ.

"ಸಾಕು ಮಾಡ್ರಿ ಇದನ್ನ. ಅಂಥ ಮಂದಿಗೆ ಮೋಸ ಮಾಡಬಾರ್ದು" ಎಂದು ಒಮ್ಮೆ ಖಡಾಖಂಡಿತವಾಗಿ ಹೇಳಿದೆ.

"ವರ್ಷಕ್ಕೊಂದ್ ದಿನ ಯಾರರ ಕುಂದ್ರಿಸಿ, ಮನ್ಯಾಗ ಹೆಂಗದಾರ ಅಂತ ಕೇಳ್ತಾರ್ರಿ. ಖರೇ ಹೇಳಿದ್ರ ಅವ್ರು ಏನ್ ಕೇಳ್ಬೇಕು, ಹೇಳ್ರಿ?" ಅಂದರು. ನಮ್ಮಂಥವರನ್ನು ಮಂದಿ ಒಂದೇ ಪ್ರಶ್ನೆ ಕೇಳುತ್ತಾರೆ, ಅದನ್ನು ಕೇಳಿ ಮುಗಿಸಿದ ಮೇಲೆ ಮಾತೇ ಇರುವುದಿಲ್ಲ. ಅದು ನನಗೂ ಗೊತ್ತಿದ್ದದ್ದೇ.

ಅವರ ಮನೆಗೆ ನಾನು ಹೋಗಿದ್ದು ನಾಲ್ಕೈದು ಸಲ. ಎಲ್ಲ ಸಲವೂ ದ್ರಾಕ್ಷಿ ಹಿಸುಕುವ ದಿನ, ಬಾಗಿಲು ತೆರೆದಿಟ್ಟು, ಲ್ಯಾಬಿನ ಇನ್ನಿಬ್ಬರ ಜೊತೆಗೆ. ಊರಿನ ಬಾಯಿ ಕಟ್ಟಲಾಗದಲ್ಲ. ಒಂದು ಕೋಣೆ, ಒಂದು ಅಡಿಗೆಮನೆ, ಒಂದು ಕುರ್ಚಿ. ಹಿಸುಕಿದ ಹಣ್ಣು ಸಕ್ಕರೆ ಜೊತೆ ಜಾಡಿ ಸೇರಿ, ಮೇಲೆ ತೆಳು ಅರಿವೆ ಕಟ್ಟಿದ ಎರಡನೆಯ ದಿನಕ್ಕೆ ಒಳಗಿಂದ ಗುಳುಗುಳು ಶಬ್ದ ಶುರುವಾಗುವುದು. ಒಮ್ಮೆ ಜಾಡಿಗೆ ಕಿವಿ ಹಚ್ಚಿ ಕೇಳಿರಿ ಎಂದರು. ಹಚ್ಚಿದೆ. "ಇಪ್ಪತ್ತೊಂದು ದಿನ ಮನ್ಯಾಗ ಮಾತು ಇರ್ತಾವ್ರಿ" ಅಂದರು. ನಾನು ಕಿವಿ ತೆಗೆದು, ಮುಂಗೈಗೆ ಹತ್ತಿದ ರಸ ಒರೆಸಿಕೊಂಡು, ಏನೋ ಕೆಲಸ ಇದೆ ಎಂದು ಬಂದುಬಿಟ್ಟೆ.

ರುಚಿಯನ್ನೂ ನೋಡಿದ್ದೇನೆ. ಯಾಕೆ ಸುಳ್ಳು ಹೇಳಲಿ. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯ ಮಗಳು, ನಮ್ಮಪ್ಪ ಕೇಳಿದ್ದರೆ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದ. ಮುಚ್ಚಳದಲ್ಲಿ ಇಷ್ಟೇ ಇಷ್ಟು. ಹುಳಿ, ಒಗರು, ಗಂಟಲಲ್ಲಿ ಇಳಿಯುವಾಗ ಬೆಚ್ಚಗೆ. "ಹೆಂಗೈತ್ರಿ?" ಎಂದು ಪರೀಕ್ಷೆಗೆ ಕೂತ ಹುಡುಗನ ಮುಖ ಮಾಡಿ ಕೇಳಿದರು. "ಸ್ಯಾಂಪಲ್ ಸಾಲಂಗಿಲ್ಲ" ಎಂದೆ. ಆವತ್ತು ಅವರು ನಕ್ಕ ಹಾಗೆ ಯಾವತ್ತೂ ನಕ್ಕಿರಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು.

ತೋಟ ಸಿಕ್ಕು ಎಂಟನೆಯ ವರ್ಷ ಅವರು ಮೊಪೆಡ್ಡಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಅದೇ ವರ್ಷ ನನ್ನ ಜೊತೆಗಿದ್ದ ಅವ್ವ ತೀರಿಕೊಂಡಿದ್ದಳು. ಬುಟ್ಟಿ ಹಿಡಿಯಲು ಯಾರಾದರೂ ಬೇಕು ಎಂದರು, ಬರುತ್ತೀರಾ ಎನ್ನಲಿಲ್ಲ. ನಾನೇ ಬರುತ್ತೇನೆ ಎಂದೆ. ಒಂದು ಕರಾರು ಹಾಕಿದೆ: ಆಫೀಸಿನವರು ಎಂದು ಹೇಳಬೇಕು. "ಹಂಗ ಹೇಳ್ತೀನ್ರಿ" ಅಂದರು.

ಬಸ್ಸಿಳಿದು ಅರ್ಧ ತಾಸು ನಡೆದು ಹೋದೆವು. ಗೌಡತಿ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಮೊರ ಕೆಳಗಿಟ್ಟು ಎದ್ದು ಓಡಿ ಬಂದು, ನನ್ನ ಎರಡೂ ಕೈ ಹಿಡಿದುಕೊಂಡರು. "ಅಂತೂ ಬಂದ್ಯಲ್ಲ ತಂಗಿ! ಎಂಟು ವರ್ಷ ಆತು, ಇವತ್ತು ಬರ್ತಿ, ನಾಳೆ ಬರ್ತಿ ಅಂತ ದಾರಿ ನೋಡಿ ನೋಡಿ ಸಾಕಾಗಿತ್ತವ್ವ!"

ನಾನು ಅವರ ಕಡೆ ನೋಡಿದೆ. ಅವರು ಪಟ್ಟಿ ಕಟ್ಟಿದ ಕೈ ಎದೆಗವಚಿಕೊಂಡು ನಿಂತಿದ್ದರು. ಅವರ ಆ ಮುಖ ನೋಡಿ ಯಾರಿಗೂ ನಿಜ ಹೇಳಲು ಆಗುತ್ತಿರಲಿಲ್ಲ. "ಆರಾಮ್ ಇರ್ಲಿಲ್ಲಕ್ಕ, ಅದಕ ಬರಾಕ ಆಗಿರ್ಲಿಲ್ಲ" ಎಂದೆ.

ಒಳಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು. ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ, ತಲೆಗೆ ಹೂವು. ಸೆರಗು ಒಡ್ಡು ತಂಗಿ ಎಂದು ಉಡಿ ತುಂಬಿದರು: ಅಕ್ಕಿ, ಕೊಬ್ಬರಿ, ಉತ್ತುತ್ತಿ, ಅರಿಶಿನದ ಬೇರು, ಎಲೆ ಅಡಿಕೆ, ಹಸಿರು ಖಣ. ನಲವತ್ತೊಂಬತ್ತು ವರ್ಷದ ನನ್ನ ಉಡಿಯನ್ನು ಅಲ್ಲಿಯವರೆಗೆ ಯಾರೂ ತುಂಬಿರಲಿಲ್ಲ. ಅಣ್ಣಂದಿರ ಮನೆಯ ಸೀಮಂತ, ಮದುವೆಗಳಲ್ಲಿ ತಟ್ಟೆ ಹಿಡಿದು ನಿಂತದ್ದಷ್ಟೇ ನನ್ನ ಪಾಲಿಗೆ. ಅಕ್ಕಿ ಎಷ್ಟು ಭಾರ ಇರುತ್ತದೆ ಎಂದು ಆವತ್ತೇ ಗೊತ್ತಾಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಂತೋಷ ಆಯಿತು. ಬಹಳ ಸಂತೋಷ ಆಯಿತು, ಅದನ್ನು ಮುಚ್ಚಿಡುವುದೇನಿದೆ ಈಗ.

"ಮಗಳು ಏನ್ ಓದಾಕತ್ಯಾಳ?" ಎಂದರು ಗೌಡತಿ.

"ಪಿಯುಸಿ ಅಕ್ಕ. ಓದೋದೇನೋ ಓದ್ತಾಳ, ತಲಿ ಬಾಚ್ತೀನಿ ಬಾ ಅಂದ್ರ ಕುಂದ್ರಂಗಿಲ್ಲ."

ಹೊರಗೆ ಕೂತಿದ್ದ ಅವರು ತಟ್ಟನೆ ತಿರುಗಿ ನೋಡಿದರು. ತಲೆ ಬಾಚಿಸಿಕೊಳ್ಳದ ಮಗಳು ಅವರಿಗೂ ಹೊಸಬಳು.

ಆಮೇಲೆ ಹಂದರದ ಕೆಳಗೆ ಬುಟ್ಟಿ ಹಿಡಿದು ನಡೆದೆವು. ಅವರು ಎಡಗೈಯಲ್ಲಿ ಗೊನೆ ತೋರಿಸುವರು, ನಾನು ಕತ್ತರಿಸುವೆ. "ತೊಟ್ಟು ಹಿಡೀರಿ, ಹಣ್ಣು ಮುಟ್ಟಬ್ಯಾಡ್ರಿ, ವಿಭೂತಿ ಹೋಗ್ತೈತಿ." ಗೌಡರು ಹಿಂದೆ ಬರುತ್ತ, "ಹೆಂಡ್ತಿಗೂ ರೀ ಅಂತಾರಲ್ಲಪ್ಪ ಸಾಹೇಬ್ರು, ಓದಿದ ಮಂದೀನ ಹಂಗ" ಎಂದು ನಕ್ಕರು. ಊಟಕ್ಕೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಮಜ್ಜಿಗೆ ತಂದಾಗ ಗೌಡತಿ ಅವರ ಗಂಗಾಳ ದಾಟಿ ನನಗೆ ಹಾಕಿದರು. "ನಿಮ್ ಯಜಮಾನ್ರು ಮಜ್ಜಿಗಿ ಮುಟ್ಟಂಗಿಲ್ಲ, ನಿನಗ ಗೊತ್ತ ಐತಲ್ಲ." ಇಷ್ಟು ವರ್ಷ ಎದುರು ಕೂತ ನನಗೆ ಅದು ಗೊತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು. ದ್ರಾಕ್ಷಿ ಬುಟ್ಟಿ ನಡುವೆ. ಸಂಡೂರಿನಲ್ಲಿ ಇಳಿದ ಮೇಲೆ, "ಮೇಡಂ, ತಪ್ಪು ತಿಳ್ಕೊಬ್ಯಾಡ್ರಿ" ಅಂದರು.

ನನಗೆ ಬೇಕಾಗಿದ್ದದ್ದು ಆ ಮಾತಲ್ಲ. ಯಾವ ಮಾತು ಬೇಕಾಗಿತ್ತು ಎಂದು ಆಗ ಕೇಳಿದ್ದರೂ ಹೇಳುತ್ತಿರಲಿಲ್ಲ ಅನ್ನಿ. ಬಾಯಿ ಮಾತ್ರ ಎಂದಿನ ಹಾಗೆ ಮುಂದೆ ಓಡಿತು: "ಮುಂದಿನ ವರ್ಷ ಖರೇ ಹೇಳಿದ್ರಷ್ಟೇ ಬರ್ತೀನಿ. ಇಲ್ಲಾಂದ್ರ ನನ್ನ ಕರೀಬ್ಯಾಡ್ರಿ."

ಅವರು ಬರೆದದ್ದನ್ನು ಬರೆದ ಹಾಗೆ ಓದುವ ಮನುಷ್ಯ. ಖರೇ ಹೇಳಲಿಲ್ಲ, ಹಾಗಾಗಿ ಕರೆಯಲಿಲ್ಲ. ಮರುವರ್ಷ ಶಿವರಾತ್ರಿಯ ಮುಂದಿನ ಭಾನುವಾರ ನಾನು ಬೆಳಿಗ್ಗೆ ಆರಕ್ಕೇ ಎದ್ದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹನ್ನೊಂದರವರೆಗೆ ಫೋನು ಮುಂದಿಟ್ಟುಕೊಂಡು ಕೂತೆ. ಸೋಮವಾರ ಅವರು ನನ್ನ ಟೇಬಲ್ಲಿನ ಮೇಲೆ ಒಂದು ಖಣ ಇಟ್ಟರು. "ನಿಮ್ಮ ಹೆಸರಿಗೇ ಕೊಟ್ಟಾರ. ಭಾಳ ಕೇಳಿದ್ರು. ಮಣಕಾಲು ನೋವು ಅಂತ ಹೇಳೀನಿ."

ಈ ಸಲ ನಾನು ಬೈಯಲಿಲ್ಲ. ತೆಗೆದುಕೊಂಡೆ. ಅದರ ಮುಂದಿನ ವರ್ಷ ಅವರು ರಿಟೈರಾಗಿದ್ದರು. ಮನೆಯ ತನಕ ಬಂದು ಹೊಸ್ತಿಲ ಹೊರಗೇ ನಿಂತು ಕೊಟ್ಟು ಹೋದರು. ಒಳಗೆ ಬರ್ರಿ ಎಂದು ಒಂದು ಮಾತು ಅನ್ನಬಹುದಿತ್ತು ನಾನು. ಎದುರು ಮನೆಯಾಕೆ ಕಟ್ಟೆಯ ಮೇಲೆ ಕೂತಿದ್ದಳು. ಅನ್ನಲಿಲ್ಲ.

ಈ ವರ್ಷ ಸಂಕ್ರಾಂತಿ ಆದ ಮೂರನೆಯ ದಿನ ಅವರು ಹೋದರು. ಎದೆನೋವು ಎಂದು ತಾವೇ ಆಟೋ ಹತ್ತಿ ಆಸ್ಪತ್ರೆಗೆ ಹೋಗಿದ್ದಾರೆ, ತಿರುಗಿ ಬರಲಿಲ್ಲ. ಬುಕ್ಕಸಾಗರದಿಂದ ಅಣ್ಣನ ಮಕ್ಕಳು ಬಂದು ಊರಿಗೆ ಒಯ್ದರು. ಆಫೀಸಿನ ಜೀಪಿನಲ್ಲಿ ನಾವು ಆರು ಮಂದಿ ಹೋದೆವು. ಗದ್ದೆಯ ಬದುವಿನ ಪಕ್ಕ ಹೂಳಲು ಗುಣಿ ತೆಗೆದಿದ್ದರು. ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ನಾನು ಆಫೀಸಿನ ಗಂಡಸರ ಸಾಲಿನಲ್ಲಿ ಹಿಂದೆ ನಿಂತಿದ್ದೆ. ಒಬ್ಬ ಮುದುಕಿ ತಿರುಗಿ, "ನೀ ಯಾರಾಕಿಯವ್ವ?" ಎಂದು ಕೇಳಿದಳು. "ಆಫೀಸಿನಾಕಿ" ಎಂದೆ. ಹೌದಾ ಎಂದು ಆ ಕಡೆ ತಿರುಗಿದಳು. ಆಫೀಸಿನವಳು ಎಷ್ಟು ಅಳಬಹುದು? ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು. ಅಷ್ಟು ಅತ್ತೆ.

ವಾಪಸು ಬರುವಾಗ ಜೀಪಿನಲ್ಲಿ ಒಬ್ಬ, ಇಲ್ಲಿತನಕ ಬಂದೀವಿ, ಹಂಪಿಗೆ ಹೋಗಿ ಹೋಗೋಣು ಅಂದ. ಇನ್ನೊಬ್ಬ, ಸಾವಿಗೆ ಬಂದವರು ಸ್ನಾನ ಮಾಡಬೇಕಲ್ಲ, ಹೊಳಿ ಅಲ್ಲೇ ಐತಿ ಅಂದ. ಹೋದರು. ಹೊಳೆಯಲ್ಲಿ ಮುಳುಗಿ, ಮಿರ್ಚಿ ತಿಂದು, ಫೋಟೋ ಹೊಡೆದುಕೊಂಡು ಬಂದರು. ಅವರದೇನೂ ತಪ್ಪಿಲ್ಲ, ಅವರಿಗೆ ಆತ ರಿಟೈರಾದ ಒಬ್ಬ ಕೆಮಿಸ್ಟು. ನಾನು ಜೀಪಿನಲ್ಲೇ ಕೂತಿದ್ದೆ. ಮನೆಗೆ ಬಂದ ಮೇಲೂ ಅಳು ಬರಲಿಲ್ಲ. ಯಾರೂ ಮಾತಾಡಿಸಲು ಬರಲಿಲ್ಲ, ಬರಲು ನನಗೇನಾಗಿತ್ತು? ಮರುದಿನ ಆಫೀಸಿಗೆ ಹೋಗಿ ರಿಪೋರ್ಟು ಟೈಪು ಮಾಡಿದೆ.

ಶಿವರಾತ್ರಿ ಹತ್ತಿರ ಬಂದಾಗ ಚೋರನೂರಿನವರ ನೆನಪು ಕಾಡತೊಡಗಿತು. ಅವರಿಗೆ ಯಾರು ಹೇಳುತ್ತಾರೆ? ಅಣ್ಣನ ಮಕ್ಕಳಿಗೆ ಇಂಥ ತೋಟ ಇದೆ ಎಂದೇ ಗೊತ್ತಿಲ್ಲ. ಗೊನೆ ಕೀಳದೆ ಕಾಯುತ್ತಿರುತ್ತಾರೆ. ಒಂದು ಭಾನುವಾರ ಬಸ್ಸು ಹತ್ತಿದೆ. ಎಲ್ಲವನ್ನೂ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ: ಅವರು ತೀರಿಕೊಂಡರು, ಅವರಿಗೆ ಮದುವೆ ಆಗಿರಲಿಲ್ಲ, ನಾನು ಅವರ ಆಫೀಸಿನವಳು, ಹಣ್ಣು ಒಯ್ದದ್ದು ವೈನಿಗೆ, ತಪ್ಪಾಯಿತು. ದಾರಿಯುದ್ದಕ್ಕೂ ಇದೇ ನಾಲ್ಕು ಮಾತನ್ನು ಬಾಯಿಪಾಠ ಮಾಡಿದೆ. ಸತ್ತವರ ಸುಳ್ಳನ್ನು ನಾನು ಹೊತ್ತು ತಿರುಗುವುದು ಎಷ್ಟು ದಿನ? ಬೈದರೆ ಬೈಯಲಿ, ಹೊಲ ಬಿಟ್ಟು ಓಡಿಸಿದರೆ ಓಡಿಸಲಿ.

ಗೌಡರು ಬೋರಿನ ಹತ್ತಿರ ನಿಂತಿದ್ದರು. "ಸಾಹೇಬ್ರೆಲ್ಲವ್ವ? ತಿಂಗಳಾತು, ಫೋನ್ ಹಚ್ಚಿದ್ರ ಸ್ವಿಚಾಫ್ ಬರ್ತೈತಿ. ಹಣ್ಣು ನಿಮಗಂತ ಎರಡು ಸಾಲು ಬಿಟ್ಟೀನಿ."

"ಸಾಹೇಬ್ರು ಹೋದ್ರು" ಎಂದೆ. ಮೊದಲ ಮಾತು ಸರಿಯಾಗೇ ಬಂತು. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗೌಡರು ತಲೆಯ ಟವಲು ತೆಗೆದು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ಆ ಸದ್ದಿಗೆ ಗೌಡತಿ ಹೊರಗೆ ಬಂದರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು, ಹಿಂದೆ ಯಾರೂ ಇಲ್ಲದ ದಾರಿ ನೋಡಿದರು. "ಅಯ್ಯೋ ನನ್ ತಂಗೀ!" ಎಂದು ಓಡಿ ಬಂದು ನನ್ನನ್ನು ಅಪ್ಪಿಕೊಂಡರು.

ಆವಾಗ ಅತ್ತೆ. ಒಂದೂವರೆ ತಿಂಗಳಿಂದ ಎಲ್ಲಿತ್ತೋ ಏನೋ, ಆ ಅಂಗಳದಲ್ಲಿ, ಎರಡು ಸಲ ಕಂಡ ಹೆಂಗಸಿನ ಹೆಗಲ ಮೇಲೆ, ಬಾಯಿಬಿಟ್ಟು, ಹಳ್ಳಿಯ ಹೆಂಗಸರು ಅಳುವ ಹಾಗೆ ಅತ್ತೆ. ಅವರು ನನ್ನ ಬೆನ್ನು ಸವರುತ್ತ, "ಅಳು ತಂಗಿ, ಅಳು, ನೀ ಅಳದ ಇನ್ಯಾರ್ ಅಳಬೇಕು" ಎನ್ನುತ್ತಿದ್ದರು. ನನಗೆ ಆ ಹಕ್ಕು ಇದೆ ಎಂದು ಇಡೀ ಲೋಕದಲ್ಲಿ ಹೇಳಿದವರು ಅವರೊಬ್ಬರೇ. ಒಳಗೆ ಕರೆದೊಯ್ದು ನೀರು ಕೊಟ್ಟರು. ನನ್ನ ಹಣೆಯ ಬೊಟ್ಟಿನ ಕಡೆ ಒಂದು ಸಲ ಕಣ್ಣು ಹೋಯಿತು. "ಇರ್ಲಿ ಬಿಡು, ಚೊಲೋ ಮಾಡೀದಿ. ಈಗ ಯಾರು ತೆಗೀತಾರ" ಎಂದು ತಾವೇ ಸಮಾಧಾನ ಹೇಳಿದರು.

ಉಳಿದ ಮಾತುಗಳು ನಾಲಗೆಯ ತುದಿಯಲ್ಲೇ ಇದ್ದವು. ಈಗ ಹೇಳಬೇಕು, ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಲೋಟ ಕೆಳಗಿಟ್ಟೆ. "ಅಕ್ಕ, ಒಂದ್ ಮಾತು" ಎಂದೆ.

ಅವರು ನನ್ನ ಕೈ ಹಿಡಿದುಕೊಂಡು, ಇನ್ನೂ ಹತ್ತಿರ ಸರಿದು ಕೂತು ಕೇಳಿದರು: "ಮಕ್ಳು ಹೆಂಗದಾರ ತಂಗಿ?"

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಹೊರಗೆ ಗೌಡರು ಯಾರಿಗೋ ಫೋನಿನಲ್ಲಿ, ಸಾಹೇಬ್ರು ಹೋಗ್ಯಾರಂತ, ಇವತ್ತು ಹಣ್ಣು ಕೀಳಂಗಿಲ್ಲ ಎಂದು ಹೇಳುತ್ತಿದ್ದರು.

"ಸಣ್ಣವ ಗಟ್ಟಿ ಅದಾನಕ್ಕ" ಎಂದೆ. "ದೊಡ್ಡಾಕಿನ... ದಿನಾ ಅಳ್ತಾಳ. ಮಂದಿ ಮುಂದ ಅಳಂಗಿಲ್ಲ."

"ಅಪ್ಪನ ಮ್ಯಾಲ ಜೀವ ಇಟ್ಟಿದ್ಲು ಏನ?"

"ಭಾಳ ಇಟ್ಟಿದ್ಲಕ್ಕ. ಅವ್ರಿಗೆ ಒಂದಿನಾನೂ ಹೇಳ್ಲಿಲ್ಲ."

ಗೌಡತಿ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. "ಹಂಗ ಬಿಡಬ್ಯಾಡ ಅಕೀನ್ನ. ನಾಕ್ ದಿನ ನಮ್ಮನಿಗೆ ಕಳ್ಸು, ನಾ ನೋಡ್ಕೋತೀನಿ."

"ಕಳಸ್ತೀನಕ್ಕ" ಎಂದೆ.